ಒಬ್ಬನೇ ದೇವರಿಗೆ ಕೊಟ್ಟ ಕೂದಲು

ಕಳೆದ ತಿಂಗಳು ಧಾರವಾಡದಿಂದ ಬೈಲಹೊಂಗಲಕ್ಕೆ ವಾಪಸು ಬರುವಾಗ ನಮ್ಮ ಮನೆಯವರು ಕಿತ್ತೂರಿನ ಹತ್ತಿರ ಹೆದ್ದಾರಿಯ ಪಕ್ಕದ ಡಾಬಾದಲ್ಲಿ ಚಹಾಕ್ಕೆಂದು ಕಾರು ನಿಲ್ಲಿಸಿದರು. ಪಂಜಾಬಿನ ಲಾರಿಗಳು ನಿಲ್ಲುವ ಜಾಗ. ಒಳಗೆ ಯಾರೋ ಬಾಣಲೆಯಲ್ಲಿ ಸಾಸಿವೆ ಎಣ್ಣೆ ಕಾಯಿಸುತ್ತಿದ್ದರು. ಅದರ ಖಾರವಾದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಿಗೆ ಒಯ್ಯುತ್ತಿದ್ದ ಕಪ್ಪು ನನ್ನ ಕೈಯಲ್ಲೇ ನಿಂತಿತು.

"ಯಾಕ, ಚಹಾ ಆರೇತೇನು?" ಎಂದು ಕೇಳಿದರು.

ಹೂಂ ಎಂದೆ. ಹರ್ಜೀತಳ ನೆನಪಾಯಿತು ಎಂದಿದ್ದರೆ ಅವರು ಮೆಲ್ಲಗೆ "ಇನ್ನೂ ಬಿಟ್ಟಿಲ್ಲೇನು ಅದನ್ನ?" ಎನ್ನುತ್ತಿದ್ದರು. ಬಿಟ್ಟಿಲ್ಲ. ಬಿಡುವ ಮನಸ್ಸೂ ಇಲ್ಲ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಬೆನ್ನು ನೆಟ್ಟಗಿಟ್ಟು ಕೂರುವುದು, ದನಿ ಎತ್ತದೆ ಮಾತಾಡುವುದು, ಸೀನಿದರೂ ಕ್ಷಮೆ ಕೇಳುವುದು ಇವನ್ನೆಲ್ಲ ಸಿಸ್ಟರ್‌ಗಳು ಕಲಿಸಿಕೊಟ್ಟರು. ಮದುವೆಯಾಗಿ ಬೈಲಹೊಂಗಲದ ಈ ದೊಡ್ಡ ಮನೆಗೆ ಬಂದ ಮೇಲೆ ಎಲ್ಲರೂ ನನ್ನನ್ನು ಕಾನ್ವೆಂಟ್ ಸೊಸಿ ಎಂದರು. "ನಮ್ಮ ವಿದ್ಯಾಗ ಸಿಟ್ಟು ಬರೂದ ಇಲ್ಲ" ಎಂದು ಅತ್ತೆ ಬಂದವರೆದುರಿಗೆಲ್ಲ ಹೇಳುತ್ತಿದ್ದರು. ಸಿಟ್ಟು ಬಾರದಿರುವುದಕ್ಕೂ ಬಂದ ಸಿಟ್ಟನ್ನು ತೋರದಿರುವುದಕ್ಕೂ ಇರುವ ಅಂತರವನ್ನು ನಾನು ಯಾರಿಗೂ ತಿಳಿಸಿ ಹೇಳಲಿಲ್ಲ.

ಹರ್ಜೀತ್ ನಮ್ಮ ಹಿತ್ತಲ ಕೋಣೆಗಳಿಗೆ ಬಂದದ್ದು ಸೋಯಾ ಕಟಾವಿನ ಕಾಲಕ್ಕೆ. ಪ್ರತಿ ವರ್ಷ ಪಂಜಾಬಿನಿಂದ ಬೆಳೆ ಕೊಯ್ದು ಒಕ್ಕುವ ದೊಡ್ಡ ರಾಶಿ ಮಷೀನುಗಳು ನಮ್ಮ ಕಡೆ ಬರುತ್ತವೆ. ದಸರೆಯ ಹೊತ್ತಿಗೆ ಸೋಯಾ, ಶಿವರಾತ್ರಿಯ ಹೊತ್ತಿಗೆ ಕಡಲೆ, ಗೋಧಿ. ಅವಳ ಗಂಡ ಬಲದೇವ್ ಅಂಥ ಕೆಲವು ಮಷೀನುಗಳ ಉಸ್ತುವಾರಿಯವನು. ಇಂದು ನೇಸರಗಿಯ ಎರಿಹೊಲದಲ್ಲಿದ್ದರೆ ನಾಳೆ ಮನೋಳಿಯ ಹೊಳೆದಂಡೆಗೆ, ನಾಡಿದ್ದು ರಾಮದುರ್ಗಕ್ಕೆ. ನಮ್ಮ ಮನೆಯವರ ಗೊಬ್ಬರದ ಅಂಗಡಿಯಲ್ಲಿ ಪರಿಚಯವಾಗಿ, ಈ ಸಲ ಹೆಂಡತಿ ಮಗಳನ್ನೂ ಕರೆತರುತ್ತೇನೆ, ಇರಲು ಜಾಗ ಬೇಕು ಎಂದು ಕೇಳಿದ್ದ. ಮಗಳು ಜಸ್ಲೀನ್, ನಾಲ್ಕು ತುಂಬಿದ ಮಗು. ನಾವೆಲ್ಲ ಜಸ್ಸಿ ಎಂದು ಕರೆಯುತ್ತಿದ್ದೆವು.

ಮನೆಯಲ್ಲಿ ಸರಿಯಾಗಿ ಹಿಂದಿ ಬರುತ್ತಿದ್ದುದು ನನಗೊಬ್ಬಳಿಗೇ. ಉಳಿದವರದು ಸಂತೆಯ ಹಿಂದಿ, ಕಿತನಾ, ಕಮ್ತಿ ಕರೋ ಅಷ್ಟರಲ್ಲೇ ಮುಗಿಯುವಂಥದ್ದು. ಹಾಗಾಗಿ ಹರ್ಜೀತಳ ಮಾತೆಲ್ಲ ನನ್ನ ಮೂಲಕವೇ ಈ ಮನೆಯೊಳಗೆ ಬರಬೇಕಿತ್ತು. ಅವಳ ಹಿಂದಿಯಲ್ಲಿ ಅರ್ಧ ಪಂಜಾಬಿ. ಮೊದಮೊದಲು ನನಗೂ ತಡಕಾಟವಾಗುತ್ತಿತ್ತು. ಆಮೇಲೆ ಅವಳು ಮಾತು ಮುಗಿಸುವ ಮೊದಲೇ ತಿಳಿಯತೊಡಗಿತು. ಇಲ್ಲಿ ಅದನ್ನು ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಾವಿಕಟ್ಟೆಯ ಬಿಸಿಲಲ್ಲಿ ಅವಳು ಮಗಳ ತಲೆ ಬಾಚುವುದನ್ನು ನೋಡಲೆಂದೇ ನಾನು ಅಕ್ಕಿ ಆರಿಸುವ ಮೊರವನ್ನು ಅಲ್ಲಿಗೆ ಒಯ್ಯುತ್ತಿದ್ದೆ. ಅಂಗೈಯಲ್ಲಿ ಸಾಸಿವೆ ಎಣ್ಣೆ ಬೆಚ್ಚಗೆ ಮಾಡಿಕೊಂಡು, ಚಿಕ್ಕ ಕಟ್ಟಿಗೆಯ ಹಣಿಗೆಯಿಂದ ಒಂದೊಂದೇ ಎಳೆಯನ್ನು ಬಿಡಿಸುವಳು. ಜಸ್ಸಿಯ ಕೂದಲು ಸೊಂಟದ ತನಕ ಇತ್ತು, ತುದಿಯಲ್ಲಿ ಗೋವಿನಜೋಳದ ತೆನೆಯ ರೇಷ್ಮೆಯಂತೆ ತುಸು ಕೆಂಪು. ಹುಟ್ಟಿದಾಗಿನಿಂದ ಅದಕ್ಕೆ ಕತ್ತರಿ ಮುಟ್ಟಿರಲಿಲ್ಲ. ಹಣಿಗೆಗೆ ಬಂದ ಉದುರು ಕೂದಲನ್ನೂ ಅವಳು ಬಿಸಾಡುತ್ತಿರಲಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ, ತುಳಸಿ ಕಟ್ಟೆಯ ಆಚೆ, ಯಾರೂ ತುಳಿಯದ ಕಡೆ ಮಣ್ಣಲ್ಲಿ ಮುಚ್ಚುವಳು.

"ಯಾಕೆ ಕತ್ತರಿಸೋದಿಲ್ಲ?" ಎಂದು ಒಮ್ಮೆ ಕೇಳಿದೆ.

"ಅವನು ಕೊಟ್ಟದ್ದು, ದೀದಿ. ಕೊಟ್ಟ ಹಾಗೆಯೇ ಇಟ್ಟುಕೊಂಡಿರೋದು. ಇದು ನನ್ನದಲ್ಲ, ಇವಳದೂ ಅಲ್ಲ. ಯಾರ ಅಪ್ಪಣೆ ಕೇಳಿ ಕತ್ತರಿಸಲಿ?"

ಆಮೇಲೆ ನೆಲದ ಧೂಳಿನಲ್ಲಿ ಬೆರಳಿಂದ ಒಂದು ಅಂಕಿ ಬರೆದಳು, ಅದರ ಪಕ್ಕದಲ್ಲಿ ಬಾಲ ಎಳೆದ ಒಂದು ಅಕ್ಷರ. ಬಲದೇವನ ಮಷೀನಿನ ಹಣೆಯ ಮೇಲೆ ಕೇಸರಿ ಬಣ್ಣದಲ್ಲಿ ಇದೇ ಗುರುತಿತ್ತು. ಅವರ ಸಿಖ್ ಗ್ರಂಥ ಶುರುವಾಗುವುದೇ ಅಂಕಿಯಿಂದಂತೆ. ಒಂದು. ಆ ಒಂದರ ಜೊತೆ ಓಂಕಾರ. "ಹೆಸರು ಹೇಳಿದರೆ ಜನ ಜಗಳ ಮಾಡ್ತಾರೆ. ಒಂದು ಅಂದರೆ ಯಾರು ಏನು ಜಗಳ ಮಾಡಿಯಾರು?" ಎಂದು ನಕ್ಕಳು.

ನಾನು ಕೊರಳಿಂದ ನನ್ನ ಲಿಂಗದ ಕರಡಿಗೆ ತೆಗೆದು ತೋರಿಸಿದೆ. ಈ ಬೆಳ್ಳಿಯ ಡಬ್ಬಿಯೊಳಗೆ ಕಣ್ಣು ಮೂಗು ಇಲ್ಲದ, ಬರೀ ಕಪ್ಪಗಿನ ಗುಂಡು ಇರುತ್ತದೆ, ಅಂಗೈಯಲ್ಲಿಟ್ಟು ನೋಡುತ್ತೇವೆ, ನಮಗೂ ಅವನೊಬ್ಬನೇ ಎಂದೆ. ಅವಳು ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದಳು. ಮುಟ್ಟಲಿಲ್ಲ. ಕಾನ್ವೆಂಟಿನಲ್ಲಿ ದೇವರೊಬ್ಬನೇ ಎಂಬುದನ್ನು ನಾನು ಕೇಳಿದ್ದು ತುಸು ಹೆದರಿಸುವ ದನಿಯಲ್ಲಿ. ಅದನ್ನೇ ಯಾರಾದರೂ ಇಷ್ಟು ನಿರಾಳವಾಗಿ, ತಲೆ ಬಾಚುತ್ತ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಈ ಮಾತನ್ನು ಈ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದವಳು ನನ್ನ ನೆಗೆಣ್ಣಿ, ಭಾವನವರ ಹೆಂಡತಿ ಅನ್ನಪೂರ್ಣಕ್ಕ. ಪ್ರತಿ ಸೋಮವಾರ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಪ್ರವಚನ ಹೇಳುವಳು. ಬಾಯಿ ಸೊಗಸು. ದೇವರೊಬ್ಬನೇ ಎಂಬಲ್ಲಿಗೆ ಬಂದರೆ ಒಂದು ಬೆರಳನ್ನು ಎತ್ತಿ ಹಿಡಿದು ಅಷ್ಟು ಹೊತ್ತು ಸುಮ್ಮನಿರುವಳು; ಕೂತವರ ಕಣ್ಣು ಹನಿಗೂಡುತ್ತಿತ್ತು. ಲಿಂಗವಲ್ಲದೆ ಬೇರೆ ದೈವವಿಲ್ಲ ಎಂದು ಸೋಮವಾರ ಹೇಳಿದವಳೇ ಮಂಗಳವಾರ ಸವದತ್ತಿಯ ಗುಡ್ಡಕ್ಕೆ ಎಲ್ಲಮ್ಮನ ದರ್ಶನಕ್ಕೆ ಹೊರಡುವಳು. ಕೇಳಿದರೆ "ಎಲ್ಲಾ ಒಂದ ಬಿಡ" ಎನ್ನುವಳು. ಒಂದು ಎಂಬುದು ಅವಳ ಬಾಯಲ್ಲಿ ಎಷ್ಟು ಬೇಕಾದರೂ ಹಿಗ್ಗುವ ಚೀಲವಾಗಿತ್ತು.

ಕೆಟ್ಟವಳೆಂದು ಬರೆದರೆ ಸುಳ್ಳಾಗುತ್ತದೆ. ಸಂಕ್ರಾಂತಿ ಮುಗಿದ ಮೇಲೆ ಜಸ್ಸಿಗೆ ಜ್ವರ ಬಂತು, ಇಳಿಯಲೇ ಇಲ್ಲ. ಬೆಳಗಾವಿಗೆ ಒಯ್ದು ಆಸ್ಪತ್ರೆಯಲ್ಲಿಟ್ಟೆವು. ಗಂಜಿ ಕಾಸಿ ಡಬ್ಬಿಯಲ್ಲಿ ತಂದವಳು ಅನ್ನಪೂರ್ಣಕ್ಕ. ಹರ್ಜೀತಳನ್ನು ಬಲವಂತದಿಂದ ಮಲಗಿಸಿ ತಾನು ಮಗುವಿನ ಪಕ್ಕ ಕೂತವಳು ಅವಳೇ. ಆಗಲೇ ಒಂದು ಸಂಜೆ ಅವಳ ತುಟಿ ಅಲುಗುವುದನ್ನು ನೋಡಿದ್ದೆ. ಮಂತ್ರ ಹೇಳುತ್ತಿದ್ದಾಳೆ ಎಂದುಕೊಂಡೆ. ಅದು ಹರಕೆ.

ಜ್ವರ ಇಳಿಯಿತು. ಜಸ್ಸಿ ಮತ್ತೆ ಬಾವಿಕಟ್ಟೆಗೆ ಬಂದು ಕೂತಳು. ಕಡಲೆ ಒಣಗಿ ಗಲಗಲ ಎನ್ನತೊಡಗಿದ್ದ ದಿನಗಳು. ಊರೆಲ್ಲ ಹೊಟ್ಟಿನ ಧೂಳು, ಒಣಹಾಕಿದ ಬಟ್ಟೆಯ ಮೇಲೂ ಧೂಳು. ರಾಮದುರ್ಗದ ಕಡೆ ಮಷೀನಿನ ಬೆಲ್ಟು ಹರಿದು ಬಲದೇವನ ಕೈಗೆ ಪೆಟ್ಟಾಗಿದೆ ಎಂದು ಫೋನು ಬಂತು. ಹರ್ಜೀತ್ ಮುಂಜಾನೆಯ ಬಸ್ಸಿಗೆ ಹೊರಟಳು. ಆ ಅವಸರದಲ್ಲೂ ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದ್ದಳು. ಕೆಂಪು ರಿಬ್ಬನ್ನು.

"ಸಂಜೆಗೆ ಬರ್ತೀನಿ ದೀದಿ. ಜಡೆ ಬಿಚ್ಚೋದು ಬೇಡ, ಬಂದು ನಾನೇ ಬಿಚ್ತೀನಿ."

ಅವಳು ಹೋದ ಸ್ವಲ್ಪ ಹೊತ್ತಿಗೆ ಅನ್ನಪೂರ್ಣಕ್ಕ ಇಳಕಲ್ ಸೀರೆಯುಟ್ಟು ಬಂದಳು. ಬಾಗಿಲಲ್ಲಿ ನಮ್ಮ ಮನೆಗೆ ಬಾಡಿಗೆಗೆ ಬರುವ ದಸ್ತಗೀರಣ್ಣನ ಜೀಪು ನಿಂತಿತ್ತು. "ಅತ್ತಿ ನಾನು ಇಬ್ರೂ ಗುಡ್ಡಕ್ಕ ಹೊಂಟೇವಿ. ಹುಡಿಗೀನ್ನೂ ಕರಕೊಂಡ ಹೋಗ್ತೇನಿ, ಒಂದೀಟ ಗಾಳಿ ಬಡೀಲಿ" ಎಂದಳು. ಮಗು ಜೀಪು ನೋಡಿ ಆಗಲೇ ಕುಣಿಯುತ್ತಿತ್ತು. ಹರಕೆಯ ಸುದ್ದಿಯನ್ನು ನನಗೆ ಯಾರೂ ಹೇಳಲಿಲ್ಲ. ಆಮೇಲೆ ಗೊತ್ತಾಯಿತು, ಅತ್ತೆಗೆ ಹೇಳಿದ್ದಳು. ನನಗೆ ಹೇಳಿದರೆ ನಾನು ಬೇಡವೆನ್ನುತ್ತೇನೆಂದು ಹೇಳಿರಲಿಲ್ಲ. ಇದನ್ನು ನೆನಪಿಡಿ. ಮುಂದಿನದ್ದನ್ನೆಲ್ಲ ನಾನು ಅಳೆಯುವುದು ಇದರಿಂದಲೇ. ಅವಳಿಗೆ ಗೊತ್ತಿತ್ತು.

ಇಳಿಹೊತ್ತಿಗೆ ಜೀಪು ಬಂತು. ದಸ್ತಗೀರಣ್ಣ ಎಂದೂ ಚಹಾ ಕುಡಿಯದೆ ಹೋಗುವವನಲ್ಲ; ಅಂದು ಮಗುವನ್ನು ಕಟ್ಟೆಯ ಮೇಲೆ ಇಳಿಸಿ, ನನ್ನ ಮುಖ ನೋಡದೆ ಗಾಡಿ ತಿರುಗಿಸಿದ. ಜಸ್ಸಿಯ ತಲೆಗೆ ನಾಲ್ಕು ಮೂಲೆ ಗಂಟು ಹಾಕಿದ ಕರವಸ್ತ್ರವಿತ್ತು. ಅದರಡಿಯಲ್ಲಿ ಗುಡಿಯ ಭಂಡಾರದ ಅರಿಶಿನ ಬಳಿದ ಬೋಳು ತಲೆ. ಹಳದಿ. ಕಿವಿಯ ಹಿಂದೆ ಕತ್ತಿ ತಾಗಿ ಒಂದು ಸಣ್ಣ ಕೆಂಪು ಗೆರೆ. ರಿಬ್ಬನ್ನನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

"ಮುಡಿ ಕೊಟ್ನಿ ತಾಯಿಗೆ" ಎಂದಳು ಅನ್ನಪೂರ್ಣಕ್ಕ, ಪ್ರಸಾದದ ಬುಟ್ಟಿ ಇಳಿಸುತ್ತ. "ದವಾಖಾನ್ಯಾಗ ಬೇಡಕೊಂಡಿದ್ನಿ. ಹುಡಿಗಿ ಉಳೀತು, ಹರಕಿ ತೀರಿಸಿದ್ನಿ."

"ಅಕ್ಕಾರ, ಅವರು ಕೂದಲಾ ತಗ್ಯಾಂಗಿಲ್ರಿ."

"ದೇವರೇನ ಇಬ್ಬರದಾರೇನ ವಿದ್ಯಾ? ಅವರಿಗೂ ಅವನ, ನಮಗೂ ಅವನ. ಅವರ ದೇವರದನ್ನ ನಮ್ಮ ದೇವರಿಗೆ ಕೊಟ್ರ ಅವಂದ ಅವಗ ಮುಟ್ಟಿತು."

"ಗುಡ್ಡದಾಗ ಜೋಗತಿ ತಲ್ಯಾಗ ಗಂಟಗಟ್ಟಿದ ಜಡಿಗೆ ಯಾರರೆ ಕತ್ತರಿ ಹಚ್ತಾರೇನ್ರಿ?"

"ಅದು ದೇವಿ ಕೊಟ್ಟದ್ದು."

"ಇದನ್ನ ಯಾರ ಕೊಟ್ಟಿದ್ರು?"

ಅಷ್ಟರಲ್ಲಿ ಅತ್ತೆ "ಕೂದಲಾ ಏನವ್ವಾ, ಬೆಳೀತಾವ ಬಿಡ" ಎಂದು ಕಾಲು ತೊಳೆಯಲು ಹೋದರು.

ರಾಮದುರ್ಗದ ಬಸ್ಸಿನಿಂದ ಇಳಿದು ಬಂದ ಹರ್ಜೀತ್ ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು. ಮಗಳ ಎದುರಿಗೆ ಮೊಣಕಾಲೂರಿ ಕೂತು ಆ ತಲೆಯ ಮೇಲೆ ಅಂಗೈ ಸವರಿದಳು, ಅಂಗೈ ಹಳದಿಯಾಯಿತು. ಅದನ್ನು ನೋಡಿಕೊಂಡಳು. ತನ್ನ ದುಪಟ್ಟಾ ತೆಗೆದು ಮಗುವಿನ ತಲೆಗೆ ಸುತ್ತಿದಳು. "ಕೂದಲೆಲ್ಲಿ?" ಎಂದು ಕೇಳಿದಳು. ಗುಡ್ಡದಲ್ಲಿ ಉಳಿಯಿತು ಎಂದೆ. ಯಾರೂ ತುಳಿಯದ ಕಡೆ ಮುಚ್ಚಲು ಒಂದು ಎಳೆಯೂ ಸಿಗಲಿಲ್ಲ ಅವಳಿಗೆ.

"ದೀದಿ, ಇವಳನ್ನು ನಿನ್ನ ಹತ್ತಿರ ಬಿಟ್ಟು ಹೋಗಿದ್ದೆ" ಎಂದಳು. ಅಷ್ಟೇ. ಮರುದಿನದಿಂದ ಅವಳ ಬಾಗಿಲು ಮುಚ್ಚಿತು. ಬಾವಿಕಟ್ಟೆಯ ಬಿಸಿಲಿಗೆ ನನ್ನ ಮೊರವೊಂದೇ.

ನಾನು ಅನ್ನಪೂರ್ಣಕ್ಕನಿಗೆ ಒಂದೇ ಒಂದು ಬೇಡಿಕೆಯಿಟ್ಟೆ. ಹರ್ಜೀತಳ ಹೊಸ್ತಿಲಿಗೆ ಹೋಗಿ, ತಪ್ಪಾಯಿತು ಎನ್ನಬೇಕು. ದನಿ ಎತ್ತದೆ ಕೇಳಿದೆ, ರೊಟ್ಟಿ ಬಡಿಯುತ್ತ ಕೇಳಿದೆ, ಬಟ್ಟೆ ಮಡಚುತ್ತ ಕೇಳಿದೆ. "ಹುಡಿಗಿ ಬದುಕಿ ಓಡ್ಯಾಡಾಕ ಹತ್ತೇತಿ. ನಾ ಯಾಕ ತಪ್ಪಾತನ್ಲಿ?" ಎಂದಳು. ಭಾವನವರು "ಕೂದಲಾ ಬೆಳೀತಾವ ಬಿಡವಾ" ಎಂದರು. ಕೊನೆಗೆ ನಮ್ಮ ಮನೆಯವರೂ ಅದನ್ನೇ ಅಂದರು. ಆ ವಾರದ ಪ್ರವಚನದಲ್ಲಿ ಅನ್ನಪೂರ್ಣಕ್ಕ ಈ ಕಥೆಯನ್ನೇ ಹೇಳಿದಳು: ಎಲ್ಲಿಯೋ ಪಂಜಾಬದ ಕೂಸು, ನಮ್ಮ ತಾಯಿ ಉಳಿಸಿದಳು, ದೇವರೊಬ್ಬನೇ ಎಂಬುದಕ್ಕೆ ಇನ್ನೇನು ಬೇಕು. ಬೆರಳು ಎತ್ತಿದಳು. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಬಾಗಿಲ ಸಂದಿಯಲ್ಲಿ ಚಹಾದ ಟ್ರೇ ಹಿಡಿದು ನಿಂತಿದ್ದೆ. ಆ ಬೆರಳು ಮಡಚುವುದನ್ನು ನಾನು ನೋಡಿಯೇ ನೋಡುತ್ತೇನೆ ಎಂದು ಅಂದುಕೊಂಡದ್ದು ಆಗಲೇ. ಒಂದು ಕಪ್ಪೂ ತುಳುಕಲಿಲ್ಲ.

ದೇವರೊಬ್ಬನೇ ಎಂದು ಗಟ್ಟಿಯಾಗಿ ಹೇಳುವವರಲ್ಲಿ ಬಹಳ ಮಂದಿ ಆ ಒಬ್ಬ ತಮ್ಮ ಮನೆಯವನೇ ಎಂದು ನಂಬಿರುತ್ತಾರೆ. ಹರ್ಜೀತಳ ಒಂದು ಅವಳ ಕೈ ಕಟ್ಟುತ್ತಿತ್ತು: ಎಲ್ಲವೂ ಅವನದು, ಹಾಗಾಗಿ ಕೇಳದೆ ಮುಟ್ಟಬಾರದು. ಅನ್ನಪೂರ್ಣಕ್ಕನ ಒಂದು ಅವಳ ಕೈ ಬಿಚ್ಚುತ್ತಿತ್ತು: ಎಲ್ಲವೂ ಅವನದು, ಹಾಗಾಗಿ ಕೇಳುವುದು ಬೇಕಿಲ್ಲ. ಇಬ್ಬರೂ ಒಂದೇ ಎಂದರು. ಒಬ್ಬಳ ಮಗಳ ತಲೆ ಬೋಳಾಯಿತು.

ಮುಂದಿನ ಸೋಮವಾರ ಬೆಳಿಗ್ಗೆ ಅನ್ನಪೂರ್ಣಕ್ಕನ ಕೊರಳಲ್ಲಿ ಕರಡಿಗೆ ಕಟ್ಟಿದ್ದ ಶಿವದಾರ ಸವೆದು ಹರಿಯುವಂತಾಗಿತ್ತು. ಹೊಸ ದಾರ ಹೊಸೆದು ಅರಿಶಿನದಲ್ಲಿ ಅದ್ದಿಟ್ಟಿದ್ದಳು. ಕರಡಿಗೆಯನ್ನು ದೇವರ ಕೋಣೆಯ ತಾಟಿನಲ್ಲಿಟ್ಟು ಬಿಲ್ವಪತ್ರಿ ತರಲು ಹಿತ್ತಲಿಗೆ ಹೋದಳು. ನಮ್ಮಲ್ಲಿ ಲಿಂಗ ಮೈಯಿಂದ ಅಗಲುವುದೆಂದರೆ ಉಸಿರು ಅಗಲಿದಂತೆ. ಪೂಜೆಯಾಗದೆ ಅವಳ ಬಾಯಿಗೆ ನೀರೂ ಇಳಿಯುವುದಿಲ್ಲ. ನಾನು ಒಳಗೆ ಹೋದೆ. ಕರಡಿಗೆಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನನ್ನದು ಕೊರಳಲ್ಲಿ, ಅವಳದು ಸೊಂಟದಲ್ಲಿ. ಅಡುಗೆಮನೆಗೆ ಬಂದು ಪಲ್ಯಕ್ಕೆ ಒಗ್ಗರಣೆ ಹಾಕಿದೆ.

ಮನೆ ತಲೆಕೆಳಗಾಯಿತು. ತಾಟು ತಿರುವಿದರು, ಹಾಸಿಗೆ ಕೊಡವಿದರು, ಅತ್ತೆ ಇಲಿಯ ಬಿಲಕ್ಕೂ ಕೈ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅನ್ನಪೂರ್ಣಕ್ಕನ ತುಟಿ ಒಣಗಿ ಬಿಳಿಚಿತ್ತು. ಕೊರಳಿನ ಖಾಲಿ ಜಾಗವನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನಾನದನ್ನು ಕಣ್ತುಂಬ ನೋಡಿದೆ.

"ಮಠದ ಐನಾರನ್ನ ಕರಸ್ತೇನಿ, ಬ್ಯಾರೆ ಲಿಂಗಾ ಕಟ್ಟಸ್ಕೊಳ್ಳವಾ" ಎಂದರು ಅತ್ತೆ.

"ಬ್ಯಾರೆ ಹ್ಯಾಂಗ ಅಕ್ಕೈತ್ರಿ ಅತ್ತಿ? ಸಣ್ಣಾಕಿ ಇದ್ದಾಗ ಕಟ್ಟಿದ್ದು. ಅದ ನಂದು."

"ದೇವರೇನ ಇಬ್ಬರದಾರೇನ್ರಿ ಅಕ್ಕಾರ?" ಎಂದೆ, ರೊಟ್ಟಿಯ ಹಿಟ್ಟು ನಾದುತ್ತ. "ಯಾವ ಲಿಂಗಾ ಆದ್ರೇನು, ಅವನ ಅಲ್ಲೇನ್ರಿ?"

ಅವಳು ತಲೆ ಎತ್ತಿದಳು.

"ಎಲ್ಲಿಟ್ಟೀ?"

"ನಂಗೇನ ಗೊತ್ರಿ. ಸಿಗತೈತಿ ಬಿಡ್ರಿ."

ಅಂದು ಸಂಜೆ ಪ್ರವಚನವಿರಲಿಲ್ಲ. ಹೆಣ್ಣುಮಕ್ಕಳು ಬಂದು ವಾಪಸು ಹೋದರು. ನಾನು ಹಿತ್ತಲಿಗೆ ಹೋಗಿ ಹರ್ಜೀತಳ ಬಾಗಿಲು ಬಡಿದೆ. ನೋಡು, ನಿನಗಾಗಿ ತಂದಿದ್ದೇನೆ ಎನ್ನುವಂತೆ ಸೆರಗು ಬಿಚ್ಚಿ ಕರಡಿಗೆ ತೋರಿಸಿದೆ. ಅವಳು ನಿನ್ನ ಹೊಸ್ತಿಲಿಗೆ ಬಂದು ಬಾಯಿಬಿಟ್ಟು ಹೇಳುವ ತನಕ ಕೊಡುವುದಿಲ್ಲ ಎಂದೆ. ಹರ್ಜೀತ್ ಖುಷಿಪಡುತ್ತಾಳೆ ಎಂದುಕೊಂಡಿದ್ದೆ.

ಅವಳು ಮೊದಲು ಚಪ್ಪಲಿ ಬಿಟ್ಟಳು. ಕೈ ತೊಳೆದಳು. ತಲೆ ಮುಚ್ಚಿಕೊಂಡಳು. ಟ್ರಂಕಿನಿಂದ ಒಗೆದ ಬಿಳಿ ಬಟ್ಟೆಯೊಂದನ್ನು ತೆಗೆದು ಎರಡೂ ಅಂಗೈ ಮೇಲೆ ಹಾಸಿ, ಅದರಲ್ಲಿ ಇಡು ಎಂದು ಕಣ್ಣಲ್ಲೇ ಹೇಳಿದಳು. ಇಟ್ಟೆ.

"ಕತ್ತರಿ ಹಿಡಿದವರು ಅವರೊಬ್ಬರೇ ಅಂದುಕೊಂಡಿದ್ದೆ, ದೀದಿ" ಎಂದಳು.

ಆ ಮಾತು ಇಂದಿಗೂ ನನಗೆ ಹಿಡಿಸಿಲ್ಲ. ನನ್ನ ಸೇಡಿಗೆ ಅವಳೇ ಅಡ್ಡ ಬಂದಳು. ಆ ಬಿಳಿ ಬಟ್ಟೆಯನ್ನು ಎದೆಯ ಎತ್ತರಕ್ಕೆ ಹಿಡಿದು ಅಂಗಳ ದಾಟಿ ಪಡಸಾಲೆಗೆ ನಡೆದಳು. ದುಪಟ್ಟಾ ಸುತ್ತಿದ ಜಸ್ಸಿ ಅವಳ ಸಲ್ವಾರಿನ ಅಂಚು ಹಿಡಿದಿದ್ದಳು. ಅನ್ನಪೂರ್ಣಕ್ಕ ಗೋಡೆಗೆ ಒರಗಿ ಕೂತಿದ್ದಳು. ಹರ್ಜೀತ್ ಅವಳ ಮುಂದೆ ಬಾಗಿ, ತಾನು ಕಲಿತ ನಾಲ್ಕು ಕನ್ನಡ ಮಾತಿನಲ್ಲಿ ಹೇಳಿದಳು.

"ತಗೋರಿ ಅಕ್ಕಾ. ನಿಮ್ದು ಐತಿ."

ಅನ್ನಪೂರ್ಣಕ್ಕನ ಕೈ ಮುಂದೆ ಬಂದು ಅರ್ಧದಲ್ಲಿ ನಿಂತಿತು. ಯಾಕೆ ನಿಂತಿತೆಂದು ನಮಗೆಲ್ಲ ಗೊತ್ತು. ಯಾರು ಮುಟ್ಟಿದರು, ಯಾವ ಕೈಯಿಂದ ಬಂತು ಎಂದು ಕೇಳುವ ಕೈ ಅದು. ವರ್ಷಗಟ್ಟಲೆ ಎತ್ತಿ ಹಿಡಿದ ಆ ಬೆರಳು ಎಲ್ಲರೆದುರಿಗೆ ಗಾಳಿಯಲ್ಲೇ ಮಡಚಿಕೊಂಡಿತು. ನಾನು ಬೇಡಿದ್ದು ಅದನ್ನೇ, ನನಗದು ಸಿಕ್ಕಿತು. ಹರ್ಜೀತ್ ಬಾಗಿಯೇ ಇದ್ದಳು, ಅವಸರ ಮಾಡಲಿಲ್ಲ. ಕೊನೆಗೆ ಅನ್ನಪೂರ್ಣಕ್ಕ ಬಟ್ಟೆಯ ಸಮೇತ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮಗುವಿನ ದುಪಟ್ಟಾ ಜಾರಿ, ಈಗಷ್ಟೇ ಚಿಗುರುತ್ತಿದ್ದ ತಲೆ ಕಂಡಿತು.

"ಕೇಳಬೇಕಿತ್ತ ನಿನ್ನ" ಎಂದಳು ಅನ್ನಪೂರ್ಣಕ್ಕ. "ತಪ್ಪಾತವಾ."

ಹರ್ಜೀತ್ ಅದಕ್ಕೆ ಉತ್ತರ ಕೊಟ್ಟಳು. ತಗ್ಗಿದ ದನಿಯಲ್ಲಿ, ಮುಕ್ಕಾಲು ಪಾಲು ಪಂಜಾಬಿಯಲ್ಲಿ. ಪಡಸಾಲೆಯಲ್ಲಿದ್ದವರಲ್ಲಿ ಅದು ತಿಳಿದದ್ದು ನನಗೊಬ್ಬಳಿಗೇ. ಆಸ್ಪತ್ರೆಯಲ್ಲಿ ನೀವು ಇವಳ ಪಕ್ಕ ಕೂತದ್ದನ್ನು ನಾನು ಮರೆತಿಲ್ಲ. ಕೂದಲು ಕೊಟ್ಟವನು ಮತ್ತೆ ಕೊಡುತ್ತಾನೆ. ನನ್ನ ಮನಸ್ಸಿನಲ್ಲಿ ಏನೂ ಉಳಿದಿಲ್ಲ. ಇವಳು ನಿಮ್ಮ ಮಗಳೂ ಹೌದು. ಹೀಗೆ ಅಂದಳು.

ಅನ್ನಪೂರ್ಣಕ್ಕ ನನ್ನ ಕಡೆ ತಿರುಗಿದಳು. ಅಷ್ಟು ಆಸೆಯಿಂದ ಅವಳು ಎಂದೂ ನನ್ನ ಮುಖ ನೋಡಿದ್ದಿಲ್ಲ.

"ಏನಂದ್ಳ ವಿದ್ಯಾ?"

"ಏನೂ ಇಲ್ರಿ" ಎಂದೆ. "ಹೊತ್ತಾತು, ಹೋಗ್ತೇನಿ ಅಂದ್ಳು."

ಗೋಧಿಯ ರಾಶಿ ಮುಗಿದು ಯುಗಾದಿಯ ಹೊತ್ತಿಗೆ ಅವರು ಹೊರಟರು. ಹರ್ಜೀತ್ ನನ್ನನ್ನು ತಬ್ಬಿಕೊಂಡಳು, ಫೋನ್ ನಂಬರು ಕೊಟ್ಟಳು, ಈಗಲೂ ಮಾತಾಡುತ್ತೇವೆ. ಮರುವರ್ಷದಿಂದ ಬಲದೇವ್ ಒಬ್ಬನೇ ಬರುತ್ತಾನೆ. ಅನ್ನಪೂರ್ಣಕ್ಕ ಪ್ರವಚನ ಬಿಡಲಿಲ್ಲ, ಆದರೆ ದೇವರೊಬ್ಬನೇ ಎಂಬಲ್ಲಿಗೆ ಬಂದರೆ ತಡವರಿಸುತ್ತಾಳೆ, ಬೇಗ ಮುಂದಿನ ಮಾತಿಗೆ ಹೋಗುತ್ತಾಳೆ. ಬೆರಳು ಮೇಲೇಳುವುದಿಲ್ಲ.

ಈಗ ಅವಳಿಗೆ ಮೊಣಕಾಲು ನೋವು. ಎಣ್ಣೆ ಹಚ್ಚುವವಳು ನಾನೇ. ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿ, ದನಿ ತಗ್ಗಿಸಿ ಕೇಳುತ್ತಾಳೆ: "ಅವತ್ತ ಅಕಿ ಬಾಳ ಹೊತ್ತ ಮಾತಾಡಿದ್ಳು ವಿದ್ಯಾ. ಬರೇ ಹೋಗ್ತೇನಿ ಅನ್ನಾಕ ಅಷ್ಟ ಮಾತ ಬೇಕೇನ? ನನ್ನ ಬೈದ್ಳೇನ?"

"ನೆನಪಿಲ್ರಿ ಅಕ್ಕಾರ."

"ಮಾಫ್ ಮಾಡಿದ್ಳೇನ?"

ಮೊಣಕಾಲಿನ ಚಿಪ್ಪಿನ ಸುತ್ತ ಹೆಬ್ಬೆರಳು ಮೆತ್ತಗೆ ಆಡಿಸುತ್ತೇನೆ. ನೋಯದಂತೆ ಹಚ್ಚುವುದು ನನಗೆ ಚೆನ್ನಾಗಿ ಬರುತ್ತದೆ. ಹರ್ಜೀತ್ ಕ್ಷಮಿಸಿದಳು, ಅದು ಅವಳದು, ಅವಳು ಕೊಟ್ಟಳು. ಅದನ್ನು ದಾಟಿಸಬೇಕಾದ ಬಾಯಿ ನನ್ನದು. ಒಂದು ಮಾತು ಹೇಳಿದರೆ ಈ ಹೆಂಗಸು ಇಂದೇ ಹಗುರಾಗುತ್ತಾಳೆಂದು ನನಗೆ ಗೊತ್ತು.

"ಕಾಲ ಚಾಚ್ರಿ ಅಕ್ಕಾರ" ಎನ್ನುತ್ತೇನೆ, "ಇನ್ನೊಂದಕ್ಕ ಹಚ್ತೇನಿ."